ಬ್ಲ್ಯಾಕ್ ಹಾಕ್ ರೋಟರ್: ನನ್ನ ಲೆಕ್ಕ ಒಂದು ಕಡೆ, ಹಾರಾಟದ ಅಳತೆ ಇನ್ನೊಂದು ಕಡೆ

ಹೆಲಿಕಾಪ್ಟರ್ ರೋಟರ್ ಬ್ಲೇಡಿನ ಮೇಲೆ ಗಾಳಿ ಎಲ್ಲೆಲ್ಲಿ ಎಷ್ಟೆಷ್ಟು ಹೊರೆ ಹಾಕುತ್ತದೆ ಅಂತ ಲೆಕ್ಕ ಹಾಕುವ ಪೈಥಾನ್ ಕೋಡ್ ಒಂದನ್ನು ಬಿಡುವಿದ್ದಾಗೆಲ್ಲ ಕಟ್ಟುತ್ತಾ ಬಂದಿದ್ದೇನೆ. ಅದು ಓಡುತ್ತದೆ, ಚಂದದ ಗ್ರಾಫ್ ಕೊಡುತ್ತದೆ. ಆದರೆ ಚಂದದ ಗ್ರಾಫ್ ಯಾರು ಬೇಕಾದರೂ ಕೊಡಬಹುದು, ಅಲ್ವಾ? ನಿಜವಾದ ಹೆಲಿಕಾಪ್ಟರ್ ಹಾರುವಾಗ ಅಳೆದ ಸಂಖ್ಯೆಗಳ ಪಕ್ಕದಲ್ಲಿಟ್ಟಾಗ ಏನಾಗುತ್ತದೆ ಅನ್ನುವುದೇ ವಿಷಯ. ಎಲ್ಲಿ ಕೂತಿತು, ಎಲ್ಲಿ ಕೂರಲಿಲ್ಲ, ಯಾಕೆ ಅಂತ ಇಲ್ಲಿ ಬರೆದಿಡುತ್ತಿದ್ದೇನೆ.

ಹೋಲಿಕೆಗೆ ತಗೊಂಡಿದ್ದು ಯುಎಚ್-60ಎ ಬ್ಲ್ಯಾಕ್ ಹಾಕ್. ಈ ಕೆಲಸದಲ್ಲಿ ಇರುವವರೆಲ್ಲ ಕೊನೆಗೆ ಬಂದು ನಿಲ್ಲುವುದು ಇದೇ ರೋಟರ್ ಹತ್ತಿರ. ನಾಸಾ ಮತ್ತು ಅಮೆರಿಕದ ಸೇನೆ ಸೇರಿ 1993-94ರಲ್ಲಿ ಏಮ್ಸ್ ಕೇಂದ್ರದಲ್ಲಿ ಇದನ್ನು ಹಾರಿಸಿ ಅಳೆದವು. ಒಂದು ಬ್ಲೇಡಿನ ಒಳಗೆ 242 ಒತ್ತಡದ ಸೆನ್ಸರ್ ಕೂರಿಸಿದ್ದರು. ಇನ್ನೊಂದು ಬ್ಲೇಡಿನಲ್ಲಿ ಬಾಗುವಿಕೆ, ತಿರುಚುವಿಕೆ ಅಳೆಯಲು ಸ್ಟ್ರೇನ್ ಗೇಜ್‌ಗಳು. ಒತ್ತಡದ ಸೆನ್ಸರ್‌ಗಳಲ್ಲಿ ಹೆಚ್ಚಿನವು ಬ್ಲೇಡಿನ ಉದ್ದಕ್ಕೂ ಒಂಬತ್ತು ಜಾಗದಲ್ಲಿ ಸಾಲಾಗಿವೆ. ಮೊದಲನೆಯದು ತ್ರಿಜ್ಯದ 0.225ರಲ್ಲಿ, ಕೊನೆಯದು 0.99ರಲ್ಲಿ. ತುದಿಯ ಹತ್ತಿರ ಒತ್ತೊತ್ತಾಗಿ ಇಟ್ಟಿದ್ದಾರೆ: 0.865, 0.92, 0.965, 0.99. ಗಲಾಟೆ ನಡೆಯುವುದು ಅಲ್ಲೇ, ಹಾಗಾಗಿ ಸರಿಯಾದ ಜಾಗದಲ್ಲೇ ದುಡ್ಡು ಸುರಿದಿದ್ದಾರೆ.

ರೋಟರ್ ವಿವರ ಒಂದೇ ಉಸಿರಿಗೆ ಹೇಳಿಬಿಡುತ್ತೇನೆ. ನಾಲ್ಕು ಬ್ಲೇಡು. ತ್ರಿಜ್ಯ 8.18 ಮೀಟರ್, ಬ್ಲೇಡಿನ ಅಗಲ ಸುಮಾರು 0.53 ಮೀಟರ್. ನಿಮಿಷಕ್ಕೆ 258 ಸುತ್ತು, ಅಂದರೆ ತುದಿಯ ವೇಗ ಸೆಕೆಂಡಿಗೆ 221 ಮೀಟರ್. ಎಸ್‌ಸಿ1095 ಮತ್ತು ಎಸ್‌ಸಿ1094 ಆರ್8 ಅನ್ನುವ ಎರಡು ಏರ್‌ಫಾಯಿಲ್ (ಬ್ಲೇಡನ್ನು ಅಡ್ಡ ಕತ್ತರಿಸಿದರೆ ಕಾಣುವ ಆಕಾರ). ತ್ರಿಜ್ಯದ 0.929 ದಾಟಿದ ಮೇಲೆ ತುದಿ 20 ಡಿಗ್ರಿ ಹಿಂದಕ್ಕೆ ಬಾಗಿದೆ. ಈ ಬಾಗಿದ ತುದಿ ನನ್ನ ತಲೆ ತಿಂದಷ್ಟು ಬೇರೆ ಯಾವುದೂ ತಿಂದಿಲ್ಲ, ಅದು ಮುಂದೆ ಬರುತ್ತದೆ.

ಪ್ರತಿ ಹಾರಾಟದ ಅಳತೆಗೂ ಒಂದು ಗುರುತಿನ ಸಂಖ್ಯೆ ಇದೆ, ಅದಕ್ಕೆ ಕೌಂಟರ್ ಅನ್ನುತ್ತಾರೆ. ನಾನು ತಗೊಂಡಿದ್ದು ಮೂರು. 8534 ವೇಗದ ನೇರ ಹಾರಾಟ, ಮುಂದಕ್ಕೆ ಹಾರುವ ವೇಗ ತುದಿಯ ವೇಗದ 0.368 ಪಾಲು (ಈ ಅನುಪಾತಕ್ಕೆ ಮ್ಯೂ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ). 8513 ನಿಧಾನದ ಹಾರಾಟ, ಮ್ಯೂ ಸುಮಾರು 0.15. 9017 ತೆಳು ಗಾಳಿಯಲ್ಲಿ ರೋಟರ್‌ಗೆ ಜಾಸ್ತಿ ಹೊರೆ ಹಾಕಿ ಸ್ಟಾಲ್ ಮಾಡಿಸಿದ ಹಾರಾಟ, ಅಂದರೆ ಗಾಳಿ ಬ್ಲೇಡಿನ ಮೈಬಿಟ್ಟು ಎತ್ತುವ ಬಲ (ಲಿಫ್ಟ್) ಬೀಳುವ ಹಾಗೆ ಮಾಡಿದ್ದು. ಮೂರಕ್ಕೂ ಕಾಯಿಲೆ ಬೇರೆ ಬೇರೆ. ಒಂದರಲ್ಲಿ ಗೆದ್ದ ಕೋಡ್ ಇನ್ನೊಂದರಲ್ಲಿ ಮಕಾಡೆ ಮಲಗುತ್ತದೆ.

ಅಳತೆಯನ್ನು ಓದುವುದೇ ಒಂದು ಕೆಲಸ

ಸೆನ್ಸರ್ ಕೊಡುವುದು ಒತ್ತಡ ಮಾತ್ರ. ಮೇಲಿನ ಮತ್ತು ಕೆಳಗಿನ ಮೈಯ ಒತ್ತಡದ ವ್ಯತ್ಯಾಸವನ್ನು ಅಗಲದುದ್ದಕ್ಕೂ ಕೂಡಿಸಿದರೆ ಆ ಜಾಗದ ಲಂಬ ಬಲ ಸಿಗುತ್ತದೆ. ಕಾಲು ಅಗಲದ ಬಿಂದುವಿನಿಂದ ದೂರ ಗುಣಿಸಿ ಕೂಡಿಸಿದರೆ ಪಿಚಿಂಗ್ ಮೊಮೆಂಟ್, ಅಂದರೆ ಬ್ಲೇಡಿನ ಮೂಗನ್ನು ಏಳಿಸುವ ಅಥವಾ ತಗ್ಗಿಸುವ ತಿರುಗುಬಲ. ಸಾಮಾನ್ಯವಾಗಿ ಏರ್‌ಫಾಯಿಲ್ ಕೆಲಸದಲ್ಲಿ ಬಲವನ್ನು ಅಲ್ಲಿನ ಗಾಳಿಯ ವೇಗದ ವರ್ಗದಿಂದ ಭಾಗಿಸಿ ಗುಣಾಂಕ ಮಾಡುತ್ತೇವೆ. ಇಲ್ಲಿ ಹಾಗೆ ಮಾಡಲು ಬರುವುದಿಲ್ಲ, ಯಾಕೆಂದರೆ ತಿರುಗುವ ಬ್ಲೇಡಿನ ಮೇಲೆ ಅಲ್ಲಿನ ಗಾಳಿ ಎಷ್ಟು ವೇಗದಲ್ಲಿ ಬರುತ್ತಿದೆ ಅಂತ ಯಾರೂ ಅಳೆದಿಲ್ಲ. ಜೊತೆಗೆ ಹಿಂದೆ ಸರಿಯುವ ಬದಿಯ ಒಳಭಾಗದಲ್ಲಿ ಆ ವೇಗ ಸೊನ್ನೆಯಾಗಿ, ಆಮೇಲೆ ತಿರುಗುಮುರುಗಾಗುತ್ತದೆ. ಸೊನ್ನೆಯಿಂದ ಭಾಗಿಸಿದರೆ ಗ್ರಾಫ್ ಆಕಾಶಕ್ಕೆ ಹೋಗುತ್ತದೆ. ಅದಕ್ಕೇ ಎಲ್ಲರೂ ಎಂ²ಸಿಎನ್ ಬಳಸುವುದು: ಲಂಬ ಬಲದ ಗುಣಾಂಕವನ್ನು ಅಲ್ಲಿನ ಮ್ಯಾಕ್ ಸಂಖ್ಯೆಯ (ಶಬ್ದದ ವೇಗಕ್ಕೆ ಹೋಲಿಸಿದ ವೇಗ) ವರ್ಗದಿಂದ ಗುಣಿಸಿದ್ದು. ಗುಣಿಸಿದಾಗ ಅಲ್ಲಿನ ಗಾಳಿಯ ವೇಗ ಲೆಕ್ಕದಿಂದಲೇ ಹೊಡೆದುಹೋಗುತ್ತದೆ. ಮೊಮೆಂಟ್‌ಗೆ ಎಂ²ಸಿಎಂ.

ಇದಕ್ಕೆ ಒಂದು ಅಂದಾಜು ತಲೆಯಲ್ಲಿರಲಿ. ಸಮುದ್ರ ಮಟ್ಟದ ಗಾಳಿಯಲ್ಲಿ ಎಂ²ಸಿಎನ್ 0.1 ಅಂದರೆ ಈ ಬ್ಲೇಡಿನ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 3,700 ನ್ಯೂಟನ್. ಒಂದು ಮೀಟರ್ ಬ್ಲೇಡು ಮುನ್ನೂರ ಎಪ್ಪತ್ತು, ಎಂಬತ್ತು ಕಿಲೋ ಎತ್ತುತ್ತಿದೆ. ಈ ಸಂಖ್ಯೆ ಗೊತ್ತಿದ್ದರೆ ಗ್ರಾಫ್ ನೋಡಿದ ಕೂಡಲೇ ಹೊಟ್ಟೆಯೊಳಗೆ ಒಂದು ಅರ್ಥ ಹುಟ್ಟುತ್ತದೆ.

ಪೂರ್ತಿ ಡೇಟಾಬೇಸ್ ನನ್ನ ಕೈಗೆ ಎಟುಕುವಂಥದ್ದಲ್ಲ. ಪ್ರಕಟವಾದ ವರದಿಗಳಲ್ಲಿ ಇರುವ ಗ್ರಾಫ್‌ಗಳನ್ನು ವೆಬ್‌ಪ್ಲಾಟ್‌ಡಿಜಿಟೈಸರ್‌ನಲ್ಲಿ ಹಾಕಿ ಬಿಂದು ಬಿಂದುವಾಗಿ ಎತ್ತಿಕೊಂಡೆ. ಬೇಜಾರಿನ ಕೆಲಸ. ಆದರೆ ಇಲ್ಲಿನ ತಪ್ಪು ಎಷ್ಟಿರಬಹುದು ಅಂತ ಮೊದಲೇ ಲೆಕ್ಕ ಹಾಕಿಕೊಳ್ಳದಿದ್ದರೆ ಆಮೇಲೆ ಕೋಡನ್ನು ಸುಮ್ನೆ ಬೈಯುತ್ತಾ ಕೂರುತ್ತೀರಿ. ಒಂದು ಸುತ್ತಿನ 360 ಡಿಗ್ರಿ 600 ಪಿಕ್ಸೆಲ್‌ನಲ್ಲಿ ಇದೆ ಅಂದುಕೊಳ್ಳಿ. ಸ್ಕ್ಯಾನ್ ಆದ ಗೆರೆ ಐದು ಪಿಕ್ಸೆಲ್ ದಪ್ಪ. ಅಂದರೆ ಗೆರೆಯ ದಪ್ಪವೇ 3 ಡಿಗ್ರಿ. ಸುತ್ತಿಗೆ ಒಂದು ಸಲ ಏರಿಳಿಯುವ ಅಲೆಗೆ 3 ಡಿಗ್ರಿ ಏನೂ ಅಲ್ಲ. ಸುತ್ತಿಗೆ ಹತ್ತು ಸಲ ಏರಿಳಿಯುವ ಅಲೆಗೆ ಅದೇ 3 ಡಿಗ್ರಿ 30 ಡಿಗ್ರಿಯ ಫೇಸ್ ತಪ್ಪು, ಅಂದರೆ ಅಲೆ ಏರಿಳಿಯುವ ಜಾಗದ ತಪ್ಪು. ಹಾಗಾಗಿ ಸ್ಕ್ಯಾನ್ ಮಾಡಿದ ಗ್ರಾಫ್‌ನಿಂದ ಎತ್ತಿದ ಹತ್ತನೇ ಹಾರ್ಮೋನಿಕ್ (ಸುತ್ತಿಗೆ ಹತ್ತು ಸಲದ ಅಲೆ) ಬಗ್ಗೆ ನಾನು ಬಾಯಿ ಬಿಡುವುದಿಲ್ಲ. ಆರರವರೆಗೆ ನಂಬುತ್ತೇನೆ.

ಎತ್ತಿದ ಬಿಂದುಗಳಿಗೆ ಫೂರಿಯೆ ಸರಣಿ (ಇಂಥ ಅಲೆಗಳ ಮೊತ್ತ) ಕೂರಿಸುವ ಮುಂಚೆ 0 ಡಿಗ್ರಿ ಮತ್ತು 360 ಡಿಗ್ರಿಯ ಬೆಲೆ ಒಂದೇ ಇದೆಯಾ ನೋಡಿ. ಇಲ್ಲದಿದ್ದರೆ ಅಕ್ಷ ಸರಿಯಾಗಿ ಗುರುತಾಗಿಲ್ಲ ಅಂತ ಅರ್ಥ. ಇನ್ನೊಂದು: ಕೆಲವು ಗ್ರಾಫ್‌ಗಳಲ್ಲಿ ಮೊಮೆಂಟ್‌ನ ಸರಾಸರಿಯನ್ನು ತೆಗೆದೇ ಮುದ್ರಿಸಿರುತ್ತಾರೆ. ಅದಕ್ಕೆ ಕಾರಣವೂ ಇದೆ. ಬ್ಲೇಡಿನ ಹಿಂದಂಚಿನಲ್ಲಿ ಒಂದು ಸಣ್ಣ ಟ್ಯಾಬ್ ಇದೆ, ಹಿಂದಂಚಿನ ಹತ್ತಿರ ಸೆನ್ಸರ್‌ಗಳು ವಿರಳ, ಆದರೆ ಮೊಮೆಂಟ್ ಲೆಕ್ಕದಲ್ಲಿ ಆ ಜಾಗಕ್ಕೆ ತೋಳಿನ ಉದ್ದ ಜಾಸ್ತಿ. ಅಲ್ಲಿ ಒಂದು ಸೆನ್ಸರ್ ಕೆಟ್ಟರೂ ಸರಾಸರಿ ಮೊಮೆಂಟ್ ಪಕ್ಕಕ್ಕೆ ಸರಿಯುತ್ತದೆ. ಏರಿಳಿತದ ಆಕಾರ ಮಾತ್ರ ಅಷ್ಟು ಕೆಡುವುದಿಲ್ಲ.

ಅಳತೆಯನ್ನೇ ಪರೀಕ್ಷಿಸಲು ಒಂದು ಸುಲಭದ ದಾರಿ ಸಿಕ್ಕಿತು. ರೋಟರ್‌ನ ಒಟ್ಟು ಎಳೆತದ (ಥ್ರಸ್ಟ್, ರೋಟರ್ ಎತ್ತುವ ಒಟ್ಟು ಬಲ) ಗುಣಾಂಕವನ್ನು ಸಾಲಿಡಿಟಿಯಿಂದ (ರೋಟರ್ ವೃತ್ತದಲ್ಲಿ ಬ್ಲೇಡುಗಳು ತುಂಬಿದ ಪಾಲು) ಭಾಗಿಸಿದ್ದು 8534ರಲ್ಲಿ 0.084. ತುದಿಯ ಮ್ಯಾಕ್ 0.642. ಎಂ²ಸಿಎನ್‌ನ ಸರಾಸರಿಯನ್ನು ಪೂರ್ತಿ ಬ್ಲೇಡು ಮತ್ತು ಪೂರ್ತಿ ಸುತ್ತಿನ ಮೇಲೆ ತೆಗೆದರೆ, ಅದು ಎರಡು ಗುಣಿಲೆ 0.084 ಗುಣಿಲೆ 0.642ರ ವರ್ಗ ಆಗಬೇಕು. ಅಂದರೆ ಸುಮಾರು 0.069. ಒಂಬತ್ತು ಜಾಗದ ಗ್ರಾಫ್‌ಗಳ ಸರಾಸರಿಯನ್ನು ಕೂಡಿಸಿ ನೋಡಿದರೆ ಹತ್ತಿರ ಬರುತ್ತದೆ, ಆದರೆ ಪಕ್ಕಾ ಕೂರುವುದಿಲ್ಲ. ಕೂರಬೇಕು ಅಂತಲೂ ಇಲ್ಲ. 0.225 ಮತ್ತು 0.40ರ ನಡುವೆ ಒಂದೂ ಸೆನ್ಸರ್ ಸಾಲಿಲ್ಲ, ನಾನು ಅಲ್ಲಿ ಗೆರೆ ಎಳೆದು ಸೇರಿಸಿದ್ದೇನೆ. ಹಾರಾಟದಲ್ಲಿ ಎಳೆತವನ್ನು ನೇರವಾಗಿ ಅಳೆಯುವುದೂ ಇಲ್ಲ, ವಿಮಾನದ ತೂಕದಿಂದ ಅಂದಾಜು ಮಾಡುತ್ತಾರೆ. ಹಾಗಾಗಿ ‘ಅಳತೆ’ ಅನ್ನುವ ಪದಕ್ಕೆ ಪೂರ್ತಿ ತಲೆಬಾಗಬೇಡಿ. ಅದಕ್ಕೂ ಅದರದ್ದೇ ಸಡಿಲ ಇದೆ.

ಮೊದಲ ಕೋಡ್: ಗಟ್ಟಿ ಬ್ಲೇಡು, ಸರಳ ಗಾಳಿ

ಮೊದಲ ರೂಪ ತೀರಾ ಸರಳ. ಬ್ಲೇಡು ಬಾಗುವುದಿಲ್ಲ, ತಿರುಚುವುದಿಲ್ಲ, ಕೀಲಿನಲ್ಲಿ ಮೇಲೆ ಕೆಳಗೆ ಮಾತ್ರ ಆಡುತ್ತದೆ. ಕೀಲು ಮಧ್ಯದಿಂದ 15 ಇಂಚು ದೂರ. ಬ್ಲೇಡನ್ನು ತುಂಡು ತುಂಡು ಮಾಡಿ, ಪ್ರತಿ ತುಂಡಿಗೂ ಗಾಳಿಯ ಕೋನ ಮತ್ತು ಮ್ಯಾಕ್ ಕಂಡುಹಿಡಿದು, ಏರ್‌ಫಾಯಿಲ್ ಪಟ್ಟಿಯಿಂದ ಲಿಫ್ಟ್, ಡ್ರ್ಯಾಗ್, ಮೊಮೆಂಟ್ ಓದುವುದು. ಈ ಎರಡು ಏರ್‌ಫಾಯಿಲ್‌ಗಳ ಗಾಳಿಸುರಂಗದ ಅಳತೆಗಳನ್ನು ಒಟ್ಟುಗೂಡಿಸಿದ 2003ರ ನಾಸಾ ವರದಿ ಇದೆ, ಪಟ್ಟಿಯನ್ನು ಅದರೊಂದಿಗೆ ತಾಳೆ ನೋಡಿಕೊಂಡೆ. ಪಟ್ಟಿ ಪೂರ್ತಿ ಮೈನಸ್ 180ರಿಂದ ಪ್ಲಸ್ 180 ಡಿಗ್ರಿವರೆಗೆ ಇರಬೇಕು. ಯಾಕೆಂದರೆ ಮ್ಯೂ 0.368 ಇದ್ದಾಗ, 270 ಡಿಗ್ರಿಯಲ್ಲಿ 0.225ರ ಜಾಗಕ್ಕೆ ಗಾಳಿ ಹಿಂದಂಚಿನ ಕಡೆಯಿಂದ ಬಡಿಯುತ್ತಿರುತ್ತದೆ.

ಗಾಳಿ ರೋಟರ್ ಮೂಲಕ ಕೆಳಗಿಳಿಯುವುದಕ್ಕೆ ಡ್ರೀಸ್‌ನ ನೇರ ಸೂತ್ರ ಹಾಕಿದೆ: ಮುಂದೆ ಕಡಿಮೆ, ಹಿಂದೆ ಜಾಸ್ತಿ. ಸುತ್ತಿನ ಕೋನ ಎಣಿಸುವುದು ಬಾಲದ ಕಡೆಯಿಂದ. ಮೇಲಿನಿಂದ ನೋಡಿದರೆ ಈ ರೋಟರ್ ಗಡಿಯಾರದ ವಿರುದ್ಧ ತಿರುಗುತ್ತದೆ, ಹಾಗಾಗಿ 90 ಡಿಗ್ರಿ ಅಂದರೆ ಬಲಬದಿ, ಬ್ಲೇಡು ಗಾಳಿಗೆ ಎದುರಾಗಿ ಮುನ್ನುಗ್ಗುವ ಕಡೆ.

ಆಮೇಲೆ ಟ್ರಿಮ್, ಅಂದರೆ ಹಾರಾಟ ಸಮತೋಲನದಲ್ಲಿ ನಿಲ್ಲುವ ಹಾಗೆ ಬ್ಲೇಡಿನ ಕೋನಗಳನ್ನು ಹೊಂದಿಸುವುದು. ಮೂರು ಗುರಿ: ಎಳೆತ, ಹಬ್‌ನ (ಬ್ಲೇಡುಗಳು ಸೇರುವ ನಡುಭಾಗ) ಮುಂದೆ-ಹಿಂದೆ ಮೊಮೆಂಟ್, ಎಡ-ಬಲ ಮೊಮೆಂಟ್. ಮೂರು ಹಿಡಿಕೆ: ಕಲೆಕ್ಟಿವ್ (ಎಲ್ಲ ಬ್ಲೇಡಿನ ಕೋನ ಒಟ್ಟಿಗೆ ಬದಲಿಸುವುದು) ಮತ್ತು ಎರಡು ಸೈಕ್ಲಿಕ್ (ಸುತ್ತುತ್ತಾ ಹೋದಂತೆ ಕೋನ ಏರಿಳಿಸುವುದು). ಶಾಫ್ಟನ್ನು ಸುಮಾರು 7 ಡಿಗ್ರಿ ಮುಂದಕ್ಕೆ ಬಗ್ಗಿಸಿ ಅಲ್ಲೇ ಕಟ್ಟಿಹಾಕಿದೆ. ಸಮೀಕರಣ ಬಿಡಿಸುವ ನ್ಯೂಟನ್-ರಾಫ್ಸನ್ ವಿಧಾನ ಹಾಕಿದರೆ ಬೇಗ ಕೂರುತ್ತದೆ, ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ.

8534ರ ಮೊದಲ ಹೋಲಿಕೆ ನೋಡಿದಾಗ ಖುಷಿಯಾಗುವಷ್ಟು ಚೆನ್ನಾಗಿತ್ತು. ಅಳತೆಯಲ್ಲಿ ಇರುವ ದೊಡ್ಡ ಆಕಾರ ನನ್ನ ಗೆರೆಯಲ್ಲೂ ಇದೆ. ಮುನ್ನುಗ್ಗುವ ಬದಿಯ ತುದಿಯಲ್ಲಿ ಲಿಫ್ಟ್ ಸೊನ್ನೆಗಿಂತ ಕೆಳಗೆ ಹೋಗುತ್ತದೆ, ಅದೂ ಇದೆ. ಅದು ಯಾಕೆ ಹೋಗುತ್ತದೆ ಅಂದರೆ: ಹಿಂದೆ ಸರಿಯುವ ಬದಿಗೆ ಗಾಳಿ ಕಡಿಮೆ, ಅದು ಹೊರುವುದೂ ಕಡಿಮೆ. ಎಡ-ಬಲ ಸಮ ಇರಬೇಕಾದರೆ ಮುನ್ನುಗ್ಗುವ ಬದಿಯೂ ಕಡಿಮೆ ಹೊರಬೇಕು. ಸೈಕ್ಲಿಕ್ ಅಲ್ಲಿ ಕೋನ ಇಳಿಸುತ್ತದೆ. ಬ್ಲೇಡಿಗೆ ಕಟ್ಟುವಾಗಲೇ ಬುಡದಿಂದ ತುದಿಗೆ ದೊಡ್ಡ ತಿರುಚು ಕೊಟ್ಟಿರುತ್ತಾರೆ, ಹಾಗಾಗಿ ತುದಿ ಮೂಗು ತಗ್ಗಿಸಿ ಕೆಳಕ್ಕೆ ಒತ್ತಲು ಶುರು ಮಾಡುತ್ತದೆ.

ಆದರೆ ಆ ಖುಷಿಯಲ್ಲಿ ಅರ್ಧ ಪುಕ್ಕಟೆ ಸಿಕ್ಕಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಟ್ರಿಮ್ ಅಂದರೆ ಒಟ್ಟು ಎಳೆತವನ್ನೂ ಹಬ್ ಮೊಮೆಂಟನ್ನೂ ಅಳತೆಗೆ ಬಲವಂತವಾಗಿ ಕೂರಿಸುವುದು. ಎಳೆತ ಸರಿಹೋದರೆ ಲಿಫ್ಟ್‌ನ ಸರಾಸರಿ ತಾನಾಗೇ ಸರಿಹೋಗುತ್ತದೆ. ಹಬ್ ಮೊಮೆಂಟ್ ಸರಿಹೋದರೆ ಸುತ್ತಿಗೆ ಒಂದು ಸಲ ಬರುವ ಭಾಗವೂ ಹೆಚ್ಚುಕಡಿಮೆ ಸರಿಹೋಗುತ್ತದೆ. ಕಣ್ಣಿಗೆ ಕಾಣುವ ದೊಡ್ಡ ಆಕಾರ ಅಂದರೆ ಅಷ್ಟೇ ತಾನೇ? ಅದಕ್ಕೆ ಕೋಡ್‌ಗೆ ಮಾರ್ಕ್ಸ್ ಕೊಡುವುದು ಉತ್ತರ ಹೇಳಿಕೊಟ್ಟು ಪರೀಕ್ಷೆ ಬರೆಸಿದ ಹಾಗೆ.

ಹಾಗಾಗಿ ಸರಾಸರಿ, ಒಂದನೇ ಮತ್ತು ಎರಡನೇ ಹಾರ್ಮೋನಿಕ್ ತೆಗೆದುಹಾಕಿ, ಮೂರರಿಂದ ಮೇಲಿನದ್ದನ್ನು ಮಾತ್ರ ಪ್ಲಾಟ್ ಮಾಡಿದೆ. ನಾಲ್ಕು ಬ್ಲೇಡಿನ ರೋಟರ್‌ನಲ್ಲಿ ಬ್ಲೇಡಿನ ಮೂರು, ನಾಲ್ಕು, ಐದನೇ ಹಾರ್ಮೋನಿಕ್ ಸೇರಿಯೇ ಕ್ಯಾಬಿನ್ನಿಗೆ ಸುತ್ತಿಗೆ ನಾಲ್ಕು ಸಲದ ನಡುಕ ಕೊಡುವುದು. ಈ ಹೆಲಿಕಾಪ್ಟರ್‌ನಲ್ಲಿ ಅದು ಸೆಕೆಂಡಿಗೆ 17 ಸಲ ಚಿಲ್ಲರೆ. ಕೂತವರ ಬೆನ್ನುಮೂಳೆಗೆ ಗೊತ್ತಾಗುವ ಭಾಗ ಅದೇ.

ಆ ಪ್ಲಾಟ್‌ನಲ್ಲಿ ಮರ್ಯಾದೆ ಹೋಯಿತು. ಅಳತೆಯಲ್ಲಿ 0.965ರಲ್ಲಿ ಮುನ್ನುಗ್ಗುವ ಬದಿಯಲ್ಲಿ ಒಂದು ದೊಡ್ಡ ಏರಿಳಿತ ಇದೆ. ಮೊದಲು ಮೇಲೆ, ಆಮೇಲೆ ಆಳಕ್ಕೆ. ನನ್ನದರಲ್ಲಿ ತೆಳ್ಳಗಿನ ಒಂದು ಅಲೆ, ಅದೂ ಬೇರೆ ಜಾಗದಲ್ಲಿ. ಪೂರ್ತಿ ಗ್ರಾಫ್‌ಗೆ ವಾಪಸ್ ಬಂದು ನೋಡಿದರೆ ಅದೇ ದೋಷ ಇನ್ನೊಂದು ರೂಪದಲ್ಲಿ ಕಾಣುತ್ತದೆ: ನನ್ನ ಲಿಫ್ಟ್ 90 ಡಿಗ್ರಿಯ ಆಸುಪಾಸಿನಲ್ಲೇ ತಳ ಮುಟ್ಟುತ್ತದೆ, ಅಳತೆಯದ್ದು ಅದನ್ನು ದಾಟಿ ಎರಡನೇ ಕಾಲುಭಾಗಕ್ಕೆ ಹೋದ ಮೇಲೆ ತಳ ಮುಟ್ಟುತ್ತದೆ.

ನಿಧಾನದ ಹಾರಾಟ: ಇಲ್ಲಿ ಸುಳಿಯದ್ದೇ ಆಟ

8534ನ್ನು ಪಕ್ಕಕ್ಕಿಟ್ಟು 8513ಕ್ಕೆ ಹೋದೆ, ಯಾಕೆಂದರೆ ಅಲ್ಲಿನ ಕಾಯಿಲೆ ಗೊತ್ತಿರುವಂಥದ್ದು. ಮ್ಯೂ 0.15ರಲ್ಲಿ ಹೆಲಿಕಾಪ್ಟರ್ ಮುಂದೆ ಓಡುವ ವೇಗ ಕಡಿಮೆ. ಒಂದು ಬ್ಲೇಡಿನ ತುದಿ ಬಿಟ್ಟ ಸುಳಿ ದೂರ ಹೋಗುವ ಮುಂಚೆಯೇ ಮುಂದಿನ ಬ್ಲೇಡು ಬಂದು ಅದರ ಹತ್ತಿರ ಹಾಯುತ್ತದೆ. ಬಲಬದಿಯಲ್ಲೊಮ್ಮೆ ಲಿಫ್ಟ್ ಫಕ್ಕನೆ ಬದಲಾಗುತ್ತದೆ, ಎಡಬದಿಯಲ್ಲಿ ಇನ್ನೊಮ್ಮೆ, ಆದರೆ ಉಲ್ಟಾ ದಿಕ್ಕಿನಲ್ಲಿ. ಡ್ರೀಸ್‌ನ ಸೂತ್ರದಲ್ಲಿ ಸುಳಿಯೇ ಇಲ್ಲ, ಹಾಗಾಗಿ ನನ್ನ ಗೆರೆ ನುಣ್ಣಗೆ ಸಾಗುತ್ತಿತ್ತು.

ಫ್ರೀ ವೇಕ್ ಬರೆದೆ, ಅಂದರೆ ಸುಳಿಗಳನ್ನು ಅವುಗಳ ಪಾಡಿಗೆ ತೇಲಲು ಬಿಡುವ ಲೆಕ್ಕ. ಪ್ರತಿ ಬ್ಲೇಡಿನ ತುದಿಯಿಂದ ಒಂದು ಸುಳಿಯ ಎಳೆ, 5 ಡಿಗ್ರಿಗೊಂದು ಗಂಟು, ಪ್ರತಿ ಗಂಟಿನ ಮೇಲೆ ಉಳಿದೆಲ್ಲ ತುಂಡುಗಳು ಬಯೋ-ಸವಾರ್ ನಿಯಮದಂತೆ ಎಷ್ಟು ತಳ್ಳುತ್ತವೆ ಅಂತ ಕೂಡಿಸಿ, ಆ ವೇಗದಲ್ಲಿ ಗಂಟನ್ನು ಸರಿಸುವುದು. ಸಾದಾ ಪೈಥಾನ್‌ನಲ್ಲಿ ಇದು ಮುಗಿಯುವ ಮಾತಲ್ಲ. ಒಳಗಿನ ಲೂಪನ್ನು ನಂಬಾಗೆ (ಪೈಥಾನನ್ನು ವೇಗವಾಗಿ ಓಡಿಸುವ ಲೈಬ್ರರಿ) ಕೊಟ್ಟ ಮೇಲೆ ಸಹಿಸುವಷ್ಟಾಯಿತು. ಹಳೆಯ ಮತ್ತು ಹೊಸ ಇನ್‌ಫ್ಲೋವನ್ನು (ರೋಟರ್ ಮೂಲಕ ಕೆಳಗಿಳಿಯುವ ಗಾಳಿ) ಅರ್ಧರ್ಧ ಬೆರೆಸಿ ಮುಂದಿನ ಸುತ್ತಿಗೆ ಕೊಡಬೇಕು, ಇಲ್ಲದಿದ್ದರೆ ಟ್ರಿಮ್ ಮತ್ತು ವೇಕ್ ಒಂದನ್ನೊಂದು ಅಟ್ಟಿಸಿಕೊಂಡು ಓಡುತ್ತವೆ.

ಏರಿಳಿತ ಬಂತು. ಎರಡೂ ಬದಿಯಲ್ಲಿ, ಸರಿಯಾದ ದಿಕ್ಕಿನಲ್ಲಿ, ಕೋನವೂ ಹತ್ತಿರ. ಇಲ್ಲಿ ಒಂದು ಅಪಾಯದ ಹಿಡಿಕೆ ಇದೆ: ಸುಳಿಯ ತಿರುಳಿನ ಗಾತ್ರ. ಅದನ್ನು ಬ್ಲೇಡಿನ ಅಗಲದ ಇಷ್ಟು ಪಾಲು ಅಂತ ಕೊಡುತ್ತೇವೆ. ಚಿಕ್ಕದು ಮಾಡಿದರೆ ಶಿಖರ ಚೂಪಾಗುತ್ತದೆ, ದೊಡ್ಡದು ಮಾಡಿದರೆ ಮೊಂಡಾಗುತ್ತದೆ. ಒಂದು ಜಾಗದ ಗ್ರಾಫ್‌ಗೆ ಬೇಕಾದ ಹಾಗೆ ಅದನ್ನು ತಿರುಗಿಸಿ ‘ನೋಡಿ ಎಷ್ಟು ಚೆನ್ನಾಗಿ ಕೂತಿದೆ’ ಅನ್ನುವುದು ಸುಲಭ. ನಾನು 0.865ರ ಗ್ರಾಫ್ ನೋಡಿ ಒಂದು ಬೆಲೆ ಆರಿಸಿ, ಆಮೇಲೆ ಅದನ್ನು ಮುಟ್ಟದೆ ಉಳಿದ ಜಾಗಗಳನ್ನು ನೋಡಿದೆ. 0.92ರಲ್ಲಿ ಪರವಾಗಿಲ್ಲ, 0.775ರಲ್ಲಿ ನನ್ನ ಶಿಖರ ಸ್ವಲ್ಪ ಜಾಸ್ತಿ. ಅಷ್ಟಕ್ಕೇ ಬಿಟ್ಟೆ.

ಅದೇ ಫ್ರೀ ವೇಕ್ ಹಾಕಿ 8534 ಓಡಿಸಿದರೆ ತಳದ ಜಾಗ ಹೆಚ್ಚೇನೂ ಕದಲಲಿಲ್ಲ. ಆ ವೇಗದಲ್ಲಿ ಸುಳಿಗಳು ಹಿಂದಕ್ಕೆ ಹಾರಿಹೋಗಿರುತ್ತವೆ. ಅಸ್ಥಿರ ಗಾಳಿಯ ತಿದ್ದುಪಡಿಯನ್ನೂ ಸೇರಿಸಿದೆ, ಅಂದರೆ ಕೋನ ಬದಲಾದ ಕೂಡಲೇ ಲಿಫ್ಟ್ ಬದಲಾಗುವುದಿಲ್ಲ, ಸ್ವಲ್ಪ ಹಿಂದೆ ಬೀಳುತ್ತದೆ ಅನ್ನುವ ಲೆಕ್ಕ. ನಾಲ್ಕನೇ ಹಾರ್ಮೋನಿಕ್‌ಗೆ ಮುಕ್ಕಾಲು ತ್ರಿಜ್ಯದಲ್ಲಿ ರೆಡ್ಯೂಸ್ಡ್ ಫ್ರೀಕ್ವೆನ್ಸಿ (ಗಾಳಿ ಬ್ಲೇಡನ್ನು ದಾಟುವ ಹೊತ್ತಿಗೆ ಹೋಲಿಸಿದರೆ ಬದಲಾವಣೆ ಎಷ್ಟು ಚುರುಕು ಅನ್ನುವ ಸಂಖ್ಯೆ) 0.17ರ ಹತ್ತಿರ ಬರುತ್ತದೆ, ಕಡೆಗಣಿಸುವಂಥ ಸಂಖ್ಯೆ ಅಲ್ಲ. ತಳ ಕೊಂಚ ಹಿಂದಕ್ಕೆ ಸರಿಯಿತು. ಸಾಲಲಿಲ್ಲ.

ತಿರುಚು

ಇಷ್ಟಾದ ಮೇಲೆ ಲಿಫ್ಟ್‌ನ ಗ್ರಾಫ್ ಮುಚ್ಚಿಟ್ಟು ಮೊಮೆಂಟ್‌ನ ಗ್ರಾಫ್ ತೆರೆದೆ. ತುದಿಯ ಹತ್ತಿರ, ಮುನ್ನುಗ್ಗುವ ಬದಿಯಲ್ಲಿ, ಅಳತೆಯ ಮೊಮೆಂಟ್ ಮೂಗು ತಗ್ಗಿಸುವ ಕಡೆಗೆ ದೊಡ್ಡದಾಗಿ ಇಳಿಯುತ್ತದೆ. ನನ್ನದು ಅದರ ಒಂದು ಸಣ್ಣ ಪಾಲು. ರೋಟರ್ ಸಂಶೋಧಕ ವಿಲಿಯಂ ಬೌಸ್ಮನ್ 1999ರಲ್ಲಿ ಈ ಎರಡನ್ನೂ, ಮುನ್ನುಗ್ಗುವ ಬದಿಯ ಲಿಫ್ಟ್‌ನ ಫೇಸ್ ಮತ್ತು ಕಡಿಮೆ ಬರುವ ಪಿಚಿಂಗ್ ಮೊಮೆಂಟನ್ನು, ಬಗೆಹರಿಯದ ಸಮಸ್ಯೆಗಳು ಅಂತ ಪಟ್ಟಿ ಮಾಡಿದ್ದರು. ದೊಡ್ಡ ದೊಡ್ಡ ಕೋಡ್‌ಗಳೂ ಆಗ ಇಲ್ಲೇ ಎಡವುತ್ತಿದ್ದವು.

ಎರಡಕ್ಕೂ ನಂಟು ಏನು ಅನ್ನುವುದಕ್ಕೆ ಒಂದು ಚೀಟಿಯ ಮೇಲಿನ ಲೆಕ್ಕ ಸಾಕು. 0.965ರಲ್ಲಿ, 90 ಡಿಗ್ರಿಯಲ್ಲಿ, ಮ್ಯಾಕ್ ಅಂದರೆ 0.642 ಗುಣಿಲೆ 1.333, ಅಂದರೆ 0.856. ವರ್ಗ 0.73. ಒಂದು ಡಿಗ್ರಿಗೆ ಲಿಫ್ಟ್ ಗುಣಾಂಕ ಸುಮಾರು 0.11 ಬದಲಾಗುತ್ತದೆ ಅಂತ ಇಟ್ಟುಕೊಳ್ಳಿ, ವೇಗದ ಗಾಳಿಯ ತಿದ್ದುಪಡಿ ಏನೂ ಬೇಡ. ಆಗ ಎಂ²ಸಿಎನ್ ಡಿಗ್ರಿಗೆ 0.08 ಬದಲಾಗುತ್ತದೆ. ಪೂರ್ತಿ ಬ್ಲೇಡಿನ ಸರಾಸರಿ ಎಷ್ಟಿತ್ತು? 0.069. ಅಂದರೆ ಮುನ್ನುಗ್ಗುವ ತುದಿ ಒಂದೇ ಒಂದು ಡಿಗ್ರಿ ತಿರುಚಿದರೆ ಅಲ್ಲಿನ ಹೊರೆ ರೋಟರ್‌ನ ಸರಾಸರಿ ಹೊರೆಗಿಂತ ಜಾಸ್ತಿ ಬದಲಾಗುತ್ತದೆ! ಅದೇ ಜಾಗ ಎಡಬದಿಗೆ ಹೋದಾಗ ಮ್ಯಾಕ್ 0.38, ಬದಲಾವಣೆ ಡಿಗ್ರಿಗೆ 0.016, ಐದರಲ್ಲೊಂದು ಪಾಲು. ಗಟ್ಟಿ ಬ್ಲೇಡಿನ ಕೋಡ್ ಎಡಬದಿಯಲ್ಲಿ ಸರಿ ಕಂಡು ಬಲಬದಿಯಲ್ಲಿ ಕೆಟ್ಟದ್ದು ಯಾಕೆ ಅಂತ ಈ ಎರಡು ಸಂಖ್ಯೆಯಲ್ಲೇ ಇದೆ.

ಹಾಗಾಗಿ ಬ್ಲೇಡಿಗೆ ಒಂದು ತಿರುಚುವ ಮೋಡ್ (ತಿರುಚಿ ಕಂಪಿಸುವ ಒಂದು ರೀತಿ) ಕೊಟ್ಟೆ. ನೈಸರ್ಗಿಕ ಕಂಪನ ಸುತ್ತಿಗೆ 4.3 ಸಲ. ಇದು ನಾಲ್ಕಕ್ಕೆ ಅಂಟಿಕೊಂಡಂತೆ ಇರುವುದರಿಂದ ನಾಲ್ಕನೇ ಹಾರ್ಮೋನಿಕ್‌ನ ಮೊಮೆಂಟ್ ಎಷ್ಟೇ ಚಿಕ್ಕದಿದ್ದರೂ ತಿರುಚು ದೊಡ್ಡದಾಗುತ್ತದೆ: ಡ್ಯಾಂಪಿಂಗ್ (ಕಂಪನ ತಗ್ಗಿಸುವ ತಡೆ) ಬಿಟ್ಟರೆ, ಏರಿಳಿಯದ ಅಷ್ಟೇ ಮೊಮೆಂಟ್ ಕೊಡುವ ತಿರುಚಿನ ಏಳು ಪಟ್ಟಿಗಿಂತ ಜಾಸ್ತಿ. 4.3ನ್ನು 4.5 ಮಾಡಿದರೆ ಅದೇ ಐದು ಪಟ್ಟಿಗೆ ಇಳಿಯುತ್ತದೆ. ಐದನೇ ಹಾರ್ಮೋನಿಕ್ ಎರಡೂ ಸಂದರ್ಭದಲ್ಲಿ ಉಲ್ಟಾ ಫೇಸ್‌ನಲ್ಲಿ ಆಡುತ್ತದೆ. ಪಿಚ್ ಲಿಂಕ್‌ನ (ಬ್ಲೇಡಿನ ಕೋನ ಹಿಡಿದಿಡುವ ಸರಳು) ಬಿಗಿ ಎಷ್ಟು ಅನ್ನುವ ಒಂದು ಸಂಖ್ಯೆಯ ಮೇಲೆ ಇದೆಲ್ಲ ನಿಂತಿದೆ.

ಮೋಡ್ ಸೇರಿಸಿದರೂ ಲಿಫ್ಟ್ ಸರಿಹೋಗಲಿಲ್ಲ, ಹೋಗಲು ಸಾಧ್ಯವೂ ಇರಲಿಲ್ಲ. ತಿರುಚಿಸುವ ಮೊಮೆಂಟೇ ತಪ್ಪಿದೆಯಲ್ಲ. ಬಾಗಿದ ತುದಿ ಇದನ್ನು ಇನ್ನೂ ಸಿಕ್ಕು ಮಾಡುತ್ತದೆ. ಅಲ್ಲಿನ ಲಿಫ್ಟ್ ಬ್ಲೇಡಿನ ತಿರುಚುವ ಅಕ್ಷದ ಹಿಂದೆ ಕೆಲಸ ಮಾಡುತ್ತದೆ. ಲಿಫ್ಟ್ ಮೇಲಕ್ಕಿದ್ದರೆ ಮೂಗು ತಗ್ಗುತ್ತದೆ, ಕೆಳಕ್ಕಿದ್ದರೆ ಮೂಗು ಏಳುತ್ತದೆ. ಲಿಫ್ಟ್‌ನಿಂದ ತಿರುಚು, ತಿರುಚಿನಿಂದ ಲಿಫ್ಟ್. ಬೀಜ ಮೊದಲೋ ಮರ ಮೊದಲೋ ಅನ್ನುವ ಸ್ಥಿತಿ.

ಇದನ್ನು ಬಿಡಿಸಲು ಒಂದು ಹಳೆಯ ಉಪಾಯ ಇದೆ, 2000ದ ದಶಕದ ಮೊದಲ ಭಾಗದಲ್ಲಿ ಅನುಭವ್ ದತ್ತ ಮತ್ತು ಇಂದರ್‌ಜಿತ್ ಚೋಪ್ರಾ ಇದೇ ರೋಟರ್ ಮೇಲೆ ಮಾಡಿ ತೋರಿಸಿದ್ದು: ಸರಪಳಿಯನ್ನು ಕತ್ತರಿಸಿ. ಗಾಳಿಯ ಲೆಕ್ಕವನ್ನು ಪೂರ್ತಿ ಆರಿಸಿ, ಅಳತೆಯ ಲಿಫ್ಟ್ ಮತ್ತು ಮೊಮೆಂಟನ್ನೇ ಬ್ಲೇಡಿನ ಮೇಲೆ ಹೇರಿ. ಬ್ಲೇಡು ಎಷ್ಟು ತಿರುಚುತ್ತದೆ ನೋಡಿ. ಇದರಲ್ಲಿ ಏರ್‌ಫಾಯಿಲ್ ಪಟ್ಟಿಯ ಪಾತ್ರವೇ ಇಲ್ಲ, ಹಾಗಾಗಿ ಬ್ಲೇಡಿನ ಮಾಡೆಲ್ ಸರಿ ಇದೆಯಾ ಇಲ್ಲವಾ ಅನ್ನುವುದು ಒಂದೇ ಪ್ರಶ್ನೆಯಾಗಿ ಉಳಿಯುತ್ತದೆ. ಆಮೇಲೆ ಆ ತಿರುಚನ್ನು ತಗೊಂಡು ಗಾಳಿಯ ಲೆಕ್ಕಕ್ಕೆ ಕಟ್ಟಿಹಾಕಿ, ಲಿಫ್ಟ್ ಏನು ಬರುತ್ತದೆ ನೋಡಿ.

ನನ್ನ ಒಂದೇ ಮೋಡಿನ ಬಡ ಮಾಡೆಲ್‌ನಲ್ಲೂ ಇದು ಕೆಲಸ ಮಾಡಿತು. ಎತ್ತಿಕೊಂಡ ಎಂ²ಸಿಎಂ ಗ್ರಾಫ್‌ಗಳನ್ನು ಬ್ಲೇಡಿನುದ್ದಕ್ಕೂ ಹರಡಿ, ಮೋಡಿನ ಸಮೀಕರಣಕ್ಕೆ ಕೊಟ್ಟೆ. ತುದಿಯ ತಿರುಚು ಮುನ್ನುಗ್ಗುವ ಬದಿಯಲ್ಲಿ ಆಳಕ್ಕೆ ಇಳಿಯಿತು. ಅದನ್ನು ಗಾಳಿಯ ಲೆಕ್ಕಕ್ಕೆ ಹಾಕಿ ಮತ್ತೆ ಟ್ರಿಮ್ ಮಾಡಿದೆ. 0.965ರ ಲಿಫ್ಟ್‌ನ ತಳ 90 ಡಿಗ್ರಿ ಬಿಟ್ಟು ಎರಡನೇ ಕಾಲುಭಾಗದ ಕಡೆ ಹೊರಟಿತು. ಆಳವೂ ಜಾಸ್ತಿಯಾಯಿತು. ಮೂರರಿಂದ ಮೇಲಿನ ಹಾರ್ಮೋನಿಕ್‌ಗಳ ಪ್ಲಾಟ್‌ನಲ್ಲಿ ಆ ‘ಮೊದಲು ಮೇಲೆ, ಆಮೇಲೆ ಆಳ’ ಆಕಾರ ಮೊದಲ ಸಲ ಕಾಣಿಸಿತು. ಲಿಫ್ಟ್‌ನ ಲೆಕ್ಕದಲ್ಲಿ ನಾನು ಒಂದು ಸಾಲನ್ನೂ ಬದಲಿಸಿರಲಿಲ್ಲ. ಲಿಫ್ಟ್‌ನ ದೋಷ ಮೊಮೆಂಟ್‌ನಲ್ಲಿ ಕೂತಿತ್ತು ಅನ್ನುವುದು ಇದಕ್ಕೇ. ಇನ್‌ಫ್ಲೋ ತಿರುವಿ, ಫೇಸ್ ತಳ್ಳಿ, ಲಿಫ್ಟನ್ನು ನೇರವಾಗಿ ರಿಪೇರಿ ಮಾಡಲು ಹೋಗಿದ್ದರೆ ಗ್ರಾಫ್ ಕೂತಿರುತ್ತಿತ್ತು, ಕೋಡ್ ಕೆಟ್ಟಿರುತ್ತಿತ್ತು.

ಆದರೆ ಇದನ್ನು ‘ಊಹಿಸಿದ ಹೊರೆ’ ಅಂತ ಕರೆಯಬಾರದು. ಅಳತೆಯ ಮೊಮೆಂಟನ್ನೇ ಒಳಗೆ ಹಾಕಿದ್ದೇನೆ. ನನ್ನ ಪ್ಲಾಟ್‌ಗಳಲ್ಲಿ ಈ ಗೆರೆಗೆ ಬೇರೆ ಬಣ್ಣ, ಬೇರೆ ಹೆಸರು.

ಮೊಮೆಂಟನ್ನೇ ಸರಿಯಾಗಿ ಊಹಿಸಬೇಕಾದರೆ ಏರ್‌ಫಾಯಿಲ್ ಪಟ್ಟಿ ಸಾಲದು. ತುದಿಯ ಮ್ಯಾಕ್ 90 ಡಿಗ್ರಿಯಲ್ಲಿ 0.88 ಮುಟ್ಟುತ್ತದೆ. ಮೈಮೇಲೆ ಶಾಕ್ (ಒತ್ತಡ ಫಕ್ಕನೆ ಏರುವ ಅಲೆ) ಹುಟ್ಟಿ ಹಿಂದೆ ಮುಂದೆ ಓಡಾಡುತ್ತದೆ. ಪಟ್ಟಿ ಹೇಳುವುದು ಅಂತ್ಯವಿಲ್ಲದ ನೇರ ರೆಕ್ಕೆಯ ಕಥೆ, ಇಲ್ಲಿರುವುದು ಬಾಗಿದ, ಗಾಳಿ ಪಕ್ಕಕ್ಕೆ ಜಾರಿಹೋಗುವ ತುದಿ. 2004ರ ಹೊತ್ತಿಗೆ ಪಾಟ್ಸ್‌ಡ್ಯಾಮ್, ಯೋ ಮತ್ತು ಜಾನ್ಸನ್ ಅನ್ನುವ ಸಂಶೋಧಕರು ಓವರ್‌ಫ್ಲೋ ಅನ್ನುವ ಸಿಎಫ್‌ಡಿ ಕೋಡನ್ನು (ಗಾಳಿಯ ಹರಿವನ್ನೇ ಬಿಡಿಸಿ ಲೆಕ್ಕ ಹಾಕುವಂಥದ್ದು) ರೋಟರ್‌ನ ಸರಳ ಲೆಕ್ಕ ಹಾಕುವ ಕ್ಯಾಮ್ರಾಡ್ 2 ಜೊತೆ ಜೋಡಿಸಿ ಈ ಗಂಟನ್ನು ಬಿಚ್ಚಿದರು. ಜೋಡಿಸಿದ ರೀತಿ ಜಾಣತನದ್ದು. ಲೆಕ್ಕದ ಪ್ರತಿ ಸುತ್ತಿನಲ್ಲೂ ಸಿಎಫ್‌ಡಿಯ ಹೊರೆಯಿಂದ ಸರಳ ಲೆಕ್ಕದ ಹೊರೆಯನ್ನು ಕಳೆದು, ಆ ವ್ಯತ್ಯಾಸವನ್ನು ಮಾತ್ರ ಸರಳ ಲೆಕ್ಕಕ್ಕೆ ಸೇರಿಸುತ್ತಾರೆ. ಟ್ರಿಮ್ ಮತ್ತು ಡ್ಯಾಂಪಿಂಗ್ ಸರಳ ಲೆಕ್ಕದಿಂದಲೇ ಬರುವುದರಿಂದ ಕೋಡ್ ಹುಚ್ಚಾಗಿ ಓಡುವುದಿಲ್ಲ. ಕೊನೆಗೆ ಎಲ್ಲ ನಿಂತಾಗ ಸರಳ ಲೆಕ್ಕ ತಾನಾಗೇ ರದ್ದಾಗಿ ಸಿಎಫ್‌ಡಿಯ ಹೊರೆ ಮಾತ್ರ ಉಳಿದಿರುತ್ತದೆ. ಈ ಜೋಡಣೆಯ ಉಪಾಯ 1986ರದ್ದು, ಟುಂಗ್, ಕ್ಯಾರಡೋನಾ, ಜಾನ್ಸನ್ ಅವರದ್ದು. ಯಂತ್ರಗಳು ಅಷ್ಟು ಬಲಿಯುವವರೆಗೆ ಕಾಯಬೇಕಾಯಿತು ಅಷ್ಟೇ. ನನ್ನ ಕೋಡ್‌ನಲ್ಲಿ ವ್ಯತ್ಯಾಸ ಸೇರಿಸುವ ಜಾಗ ಬಿಟ್ಟಿದ್ದೇನೆ. ಅಲ್ಲಿಗೆ ಹಾಕಲು ಸಿಎಫ್‌ಡಿ ನನ್ನ ಬಳಿ ಇಲ್ಲ.

9017 ಬಗ್ಗೆ ಚಿಕ್ಕದಾಗಿ

ಸ್ಟಾಲ್ ಹಾರಾಟದಲ್ಲಿ ಮ್ಯೂ 0.237, ಹೊರೆಯ ಅನುಪಾತ (8534ರಲ್ಲಿ 0.084 ಇದ್ದದ್ದು) 0.129. ಅಳತೆಯ ಮೊಮೆಂಟ್‌ನಲ್ಲಿ ಹಿಂದೆ ಸರಿಯುವ ಬದಿಯಿಂದ ಬಾಲದ ಕಡೆಗೆ ಹೋಗುವಾಗ ಎರಡು ಚೂಪಾದ ಇಳಿತ. ಮೊದಲನೆಯದು ಕೋನ ತೀರಾ ಜಾಸ್ತಿಯಾಗಿ ಆದ ಸ್ಟಾಲ್. ಅದರ ಏಟಿಗೆ ಬ್ಲೇಡು ತಿರುಚಿ, ವಾಪಸ್ ಪುಟಿದು, ಮತ್ತೆ ಕೋನ ಏರಿ ಎರಡನೆಯದು. ಲೀಶ್ಮನ್-ಬೆಡೋಸ್ ಅನ್ನುವ ಸ್ಟಾಲ್ ಮಾಡೆಲ್ ಹಾಕಿದ ಮೇಲೆ ಮೊದಲನೆಯದು ಬಂತು. ಎರಡನೆಯದರ ಜಾಗ ತಪ್ಪಿದೆ. ಸ್ಟಾಲ್ ಮಾಡೆಲ್‌ನ ಸಮಯದ ಗುಣಾಂಕಗಳನ್ನು ಎಳೆದಾಡಿ ಅದನ್ನು ಕೂರಿಸಬಹುದಿತ್ತು. ಬಿಟ್ಟಿದ್ದೇನೆ, ಯಾಕೆಂದರೆ ಒಂದೇ ಮೋಡಿನ ತಿರುಚಿಗೆ ಸರಿಯಾಗಿ ಪುಟಿಯಲು ಬರುತ್ತದೆ ಅಂತ ನನಗೆ ನಂಬಿಕೆ ಇಲ್ಲ. ಮೊದಲು ಬಾಗುವ ಮೋಡ್‌ಗಳು ಬರಬೇಕು, ಬ್ಲೇಡು ಹಿಂದೆ ಮುಂದೆ ಆಡುವುದನ್ನು ತಗ್ಗಿಸುವ ಲ್ಯಾಗ್ ಡ್ಯಾಂಪರ್ ಬರಬೇಕು.

ಇದೇ ಬ್ಲೇಡುಗಳನ್ನು 2010ರಲ್ಲಿ ಏಮ್ಸ್‌ನ 40 ಗುಣಿಲೆ 80 ಅಡಿಯ ಗಾಳಿಸುರಂಗದಲ್ಲಿ ಇಟ್ಟು ಮತ್ತೆ ಅಳೆದಿದ್ದಾರೆ. ಅಲ್ಲಿ ಎಳೆತವನ್ನು ತೂಕದಿಂದ ಅಂದಾಜು ಮಾಡಬೇಕಿಲ್ಲ, ಬಲ ಅಳೆಯುವ ಬ್ಯಾಲೆನ್ಸ್‌ನಲ್ಲೇ ಓದುತ್ತಾರೆ. ಮೇಲೆ ಹೇಳಿದ ಆ 0.069ರ ಲೆಕ್ಕ ಅಲ್ಲಿ ಎಷ್ಟು ಚೆನ್ನಾಗಿ ಕೂರುತ್ತದೆ ಅಂತ ನೋಡುವುದು ಮುಂದಿನ ಕೆಲಸ, ಗ್ರಾಫ್‌ಗಳನ್ನು ಎತ್ತಲು ಶುರು ಮಾಡಿದ್ದೇನೆ.